ಕಣ್ಣು ಮುಚ್ಕೊಂಡ್ರೆ ಸಾಕಾ? ಕೂದಲು ತೆಗೆಯೋ ಲೇಸರ್ ಮತ್ತು ಎರಡು ನಂಬರ್

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಲೇಸರ್ ಚಾಪ್ಟರನ್ನು ನಾವೆಲ್ಲ ಓದಿದ್ದೇವೆ. ಪಾಪ್ಯುಲೇಶನ್ ಇನ್ವರ್ಶನ್, ಮೆಟಾಸ್ಟೇಬಲ್ ಸ್ಟೇಟ್, ಐನ್‌ಸ್ಟೈನ್ ಕೋಎಫಿಶಿಯೆಂಟ್‌ಗಳ ಡಿರೈವೇಶನ್. ಬರೆದೆವು, ಮಾರ್ಕ್ಸ್ ತಗೊಂಡೆವು, ಮರೆತೆವು. ಕೊನೆಯಲ್ಲಿ ಲೇಸರ್‌ನ ಉಪಯೋಗಗಳು ಅಂತ ಪಾಯಿಂಟ್ಸ್ ಬರೆಯುವಾಗ 'ಮೆಡಿಕಲ್' ಅಂತ ಒಂದು ಪದ ಹಾಕಿ ಮುಂದೆ ಹೋಗಿದ್ದೆವು. ಆ ಒಂದು ಪದದೊಳಗೆ ಏನೇನಿದೆ ಅಂತ ಕೂತು ನೋಡುವ ಪ್ರಸಂಗ ಈ ಸಲ ರಜೆಯಲ್ಲಿ ದಬ್ಬೇಘಟ್ಟದಲ್ಲಿ ಬಂತು.

ದಬ್ಬೇಘಟ್ಟ ಗೊತ್ತಿಲ್ಲದವರಿಗೆ: ಅದು ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಒಂದು ಹೋಬಳಿ. ಎತ್ತ ತಿರುಗಿದರೂ ತೆಂಗು. ಅಟ್ಟದ ಮೇಲೆ ಕೊಬ್ಬರಿ, ಕೆಳಗೆ ಜಗಲಿಯಲ್ಲಿ ತಿಪಟೂರು ಎಪಿಎಂಸಿಯ ರೇಟಿನ ಮಾತು. ಈ ಊರಿಗೂ ಲೇಸರ್‌ಗೂ ಏನು ಸಂಬಂಧ ಅನ್ನಬೇಡಿ. ಸುತ್ತಮುತ್ತಲ ಪಟ್ಟಣಗಳ ಪಾರ್ಲರ್ ಬೋರ್ಡುಗಳಲ್ಲಿ ಈಗ ಫೇಶಿಯಲ್, ತ್ರೆಡಿಂಗ್ ಜೊತೆಗೆ 'ಲೇಸರ್ ಹೇರ್ ರಿಮೂವಲ್' ಅಂತಲೂ ಇರುತ್ತೆ. ನಮ್ಮ ದೊಡ್ಡಪ್ಪನ ಮಗಳಿಗೆ, ಅಂದ್ರೆ ಅಕ್ಕನಿಗೆ, ಮದುವೆ ಗೊತ್ತಾಗಿತ್ತು. ಆರು ಸಿಟಿಂಗ್‌ನ ಪ್ಯಾಕೇಜ್‌ಗೆ ದುಡ್ಡು ಕಟ್ಟಿ ಮೊದಲನೇದು ಮುಗಿಸಿಕೊಂಡು ಬಂದಿದ್ದಳು. ಹೆಂಗೆ ಮಾಡಿದ್ರು ಅಂತ ಕೇಳಿದ್ದಕ್ಕೆ, "ಕಣ್ಣ ಮೇಲೆ ಒದ್ದೆ ಹತ್ತಿ ಇಟ್ಟು ಗಟ್ಟಿಯಾಗಿ ಮುಚ್ಕೊಳಿ ಅಂದ್ರು, ಅಷ್ಟೇ. ಮುಂದಿನ ಸಲ ಹುಬ್ಬಿನ ಕೆಳಗೂ ಮಾಡ್ತಾರಂತೆ" ಅಂದಳು. ಹುಬ್ಬಿನ ಕೆಳಗೆ ಅಂದಾಗ ನಮಗೆ ಗಾಬರಿ ಆಯ್ತು.

ಮನೆಯಲ್ಲಿ ಇದರ ಬಗ್ಗೆ ಮೂರು ಅಭಿಪ್ರಾಯ. ಅಕ್ಕನದು: ಕಣ್ಣು ಮುಚ್ಚಿದ ಮೇಲೆ ಬೆಳಕು ಒಳಗೆ ಹೋಗೋದು ಹೆಂಗೆ? ಅಜ್ಜಿಗೆ ಸಕ್ಕರೆ ಕಾಯಿಲೆ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡವರು. ಅವರದು: "ನಂಗೆ ಕಣ್ಣೊಳೀಕೇ ಹೊಡ್ದವ್ರೆ ಕಣ್ಲಾ, ಏನೂ ಆಗಾಕಿಲ್ಲ." ಪಕ್ಕದ ಮನೆಯ ಅಣ್ಣ ಗೇಟು ಕಿಟಕಿ ಮಾಡೋ ವೆಲ್ಡಿಂಗ್ ಅಂಗಡಿಯವರು. ಅವರದು: ಹೆದರಿಕೆ ಆದ್ರೆ ನನ್ನ ಕಪ್ಪು ಗ್ಲಾಸ್ ತಗೊಂಡು ಹೋಗಲಿ. ಮೂರೂ ಕೇಳೋಕೆ ಸರಿ ಅನ್ನಿಸ್ತವೆ. ಉತ್ತರ ಕೊಡೋಕೆ ಹೋದಾಗಲೇ ನಮಗೆ ಆ ಚಾಪ್ಟರ್ ನಿಜವಾಗಿ ಅರ್ಥ ಆಗಿದ್ದು.

ಮೊದಲು ಮಷಿನ್ ಏನು ಮಾಡುತ್ತೆ ಅಂತ ನೋಡೋಣ. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಅನ್ನೋ ಇಬ್ಬರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ವಿಚಾರ ಬರೆದರು. ಸರಿಯಾದ ವೇವ್‌ಲೆಂತ್, ಸರಿಯಾದ ಅವಧಿಯ ಪಲ್ಸ್ ಆರಿಸಿಕೊಂಡರೆ ಸುತ್ತಲಿನ ಚರ್ಮವನ್ನು ಸುಡದೆ ಒಳಗಿನ ಒಂದು ಬಣ್ಣದ ವಸ್ತುವನ್ನು ಮಾತ್ರ ಬಿಸಿ ಮಾಡಬಹುದು ಅನ್ನೋದು ಅದರ ಸಾರ. ಕೂದಲು ತೆಗೆಯುವಾಗ ಆ ಬಣ್ಣದ ವಸ್ತು ಮೆಲನಿನ್, ಕೂದಲನ್ನು ಕಪ್ಪು ಮಾಡೋ ಅದೇ ಮೆಲನಿನ್. ಬಿಸಿಲಲ್ಲಿ ಕರಿ ಕೊಡೆ ಬಿಳಿ ಪಂಚೆಗಿಂತ ಬೇಗ ಕಾಯುತ್ತಲ್ಲ, ಹಾಗೆ. ಅಲೆಕ್ಸಾಂಡ್ರೈಟ್ ಲೇಸರ್ 755 ನ್ಯಾನೋಮೀಟರ್, ಡಯೋಡ್ ಸುಮಾರು 810, ಎನ್‌ಡಿ ಯಾಗ್ 1064. ನಮ್ಮಂಥ ಕಂದು ಚರ್ಮದಲ್ಲೇ ಮೆಲನಿನ್ ಜಾಸ್ತಿ ಇರೋದರಿಂದ 755 ಚರ್ಮವನ್ನೂ ಸುಡುವ ಸಾಧ್ಯತೆ ಹೆಚ್ಚು. ಅದಕ್ಕೇ ನಮ್ಮ ಕಡೆ ಡಯೋಡ್ ಮತ್ತು ಯಾಗ್ ಹೆಚ್ಚು ನಡೆಯೋದು.

ತೊಂದರೆ ಇರೋದು ಇಲ್ಲೇ. ಮೆಲನಿನ್ ಕೂದಲಿನಲ್ಲಿ ಮಾತ್ರ ಇಲ್ಲ. ಕಣ್ಣಿನ ಪಾಪೆಯ ಸುತ್ತ ಕಂದು ಬಳೆ ಇದೆಯಲ್ಲ, ಐರಿಸ್, ಅದರ ತುಂಬ ಮೆಲನಿನ್. ಕಣ್ಣಿನ ಹಿಂಗೋಡೆಯ ರೆಟಿನಾದ ಕೆಳಗೂ ಮೆಲನಿನ್‌ನ ಒಂದು ಪದರ ಇದೆ. ಕೂದಲಿನ ಬುಡ ಹುಡುಕಿಕೊಂಡು ಹೋಗೋ ಲೇಸರ್‌ಗೆ ಇದು ಬೇರೆ, ಅದು ಬೇರೆ ಅನ್ನೋ ಜ್ಞಾನ ಇಲ್ಲ.

ಇನ್ನೊಂದು, ಕಣ್ಣು ಅಂದ್ರೇನೇ ಒಂದು ಭೂತಗನ್ನಡಿ. ಚಿಕ್ಕವರಿದ್ದಾಗ ಮಧ್ಯಾಹ್ನದ ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಒಣಗಿದ ತೆಂಗಿನ ನಾರಿಗೆ ಹೊಗೆ ಬರಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕತ್ತಲಿಗೆ ಅರಳಿದ ಪಾಪೆ 7 ಮಿಲಿಮೀಟರ್ ಅಗಲ ಅಂದುಕೊಳ್ಳಿ. ಅದರೊಳಗೆ ಬಂದ ನೇರವಾದ ಕಿರಣ ರೆಟಿನಾದ ಮೇಲೆ ಸುಮಾರು 20 ಮೈಕ್ರೋಮೀಟರ್ ಚುಕ್ಕೆಯಾಗಿ ಕೂಡುತ್ತೆ. 7000ವನ್ನು 20ರಿಂದ ಭಾಗಿಸಿ ವರ್ಗ ಮಾಡಿ: ಒಂದು ಲಕ್ಷಕ್ಕೂ ಮೇಲೆ. ಅಂದ್ರೆ ಪಾಪೆಯ ಹತ್ತಿರ ಇದ್ದ ತೀವ್ರತೆ ಹಿಂಗೋಡೆ ಮುಟ್ಟೋ ಹೊತ್ತಿಗೆ ಲಕ್ಷ ಪಟ್ಟು. ಸುಮಾರು 400ರಿಂದ 1400 ನ್ಯಾನೋಮೀಟರ್‌ವರೆಗಿನ ಬೆಳಕಿಗೆಲ್ಲ ಕಣ್ಣು ಹೀಗೆ ದಾರಿ ಬಿಡುತ್ತೆ. ಆದರೆ ನಮಗೆ ಚೆನ್ನಾಗಿ ಕಾಣೋದು 700ರ ಆಸುಪಾಸಿನ ತನಕ ಮಾತ್ರ. ಆಮೇಲೆ ಬಾಗಿಲು ತೆರೆದೇ ಇರುತ್ತೆ, ಬಂದವರು ಯಾರು ಅಂತ ಕಾಣಲ್ಲ. 755, 810, 1064 ಮೂರೂ ಈ ಜಾಗದಲ್ಲೇ ಬರುತ್ತವೆ.

ಕಾಣದ ಬೆಳಕು ಅಂದ್ರೆ ನಂಬದವರು ಟಿವಿ ರಿಮೋಟ್ ತಗೊಂಡು ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ, ಬಹಳಷ್ಟು ಫೋನ್‌ಗಳ ಸ್ಕ್ರೀನ್ ಮೇಲೆ ನೇರಳೆ ಮಿಣುಕು. ಅಕ್ಕನಿಗೆ ನಾವು ತೋರಿಸಿದ್ದೂ ಇದನ್ನೇ. (ರಿಮೋಟ್‌ನಲ್ಲಿ ಮಾಡಿ. ಲೇಸರ್ ಮಷಿನ್ ಮುಂದೆ ಫೋನ್ ಹಿಡಿಯೋ ಕೆಲಸ ಬೇಡ. ರೀಲ್ಸ್ ಮಾಡೋಕೆ ಆ ರೂಮಿನೊಳಗೆ ಹೋಗೋರಿಗೂ ಇದೇ ಮಾತು.) ಬೆಳಕು ಕಂಡರೆ ಕಣ್ಣು ತಾನೇ ರೆಪ್ಪೆ ಬಡಿದು ಕಾಪಾಡಿಕೊಳ್ಳುತ್ತೆ, ಅದಕ್ಕೆ ಸುಮಾರು ಕಾಲು ಸೆಕೆಂಡ್ ಬೇಕು. ಇನ್ಫ್ರಾರೆಡ್ ಕಾಣದೇ ಇರೋದರಿಂದ ರೆಪ್ಪೆಗೆ ಸುದ್ದಿಯೇ ಹೋಗಲ್ಲ. ಹೋದರೂ ಪ್ರಯೋಜನ ಇಲ್ಲ, ಕೂದಲಿನ ಪಲ್ಸ್ 0.03 ಸೆಕೆಂಡಿನಲ್ಲೇ ಮುಗಿದಿರುತ್ತೆ.

ಸರಿ, ಮೊದಲೇ ಮುಚ್ಚಿದ್ದರೆ? ಅಕ್ಕನ ಪ್ರಶ್ನೆ ಇದೇ. ಉತ್ತರ ಆ ಮಷಿನ್‌ನ ಕೆಲಸದಲ್ಲೇ ಇದೆ. ಅದು ಕೂದಲಿನ ಬುಡಕ್ಕೆ, ಅಂದರೆ ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳಕ್ಕೆ, ಇಳಿಯಲೆಂದೇ ಮಾಡಿದ ಬೆಳಕು. ರೆಪ್ಪೆಯ ಚರ್ಮವೋ, ಇಡೀ ಮೈಯಲ್ಲೇ ತೆಳು, ಅರ್ಧ ಮಿಲಿಮೀಟರ್ ಆಸುಪಾಸು. ಒಳಗಿನ ಸ್ನಾಯು ಎಲ್ಲ ಸೇರಿಸಿದರೂ ಕೆಲವೇ ಮಿಲಿಮೀಟರ್. ಕೆನ್ನೆಯಲ್ಲಿ ಅಷ್ಟು ಆಳ ಇಳಿಯೋ ಬೆಳಕು ರೆಪ್ಪೆಯ ಹತ್ತಿರ ಬಂದು ಮರ್ಯಾದೆಯಿಂದ ನಿಂತುಕೊಳ್ಳುತ್ತಾ? ಒದ್ದೆ ಹತ್ತಿಯೂ ಅಷ್ಟೇ, ಬೆಳಕನ್ನು ಚದುರಿಸುತ್ತೆ, ತಡೆಯಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ, ನಮಗೂ ಗೊತ್ತಿರಲಿಲ್ಲ. ಕಣ್ಣನ್ನು ಗಟ್ಟಿಯಾಗಿ ಮುಚ್ಚಿದಾಗ ಬಹಳಷ್ಟು ಜನರಲ್ಲಿ ಗುಡ್ಡೆ ಮೇಲಕ್ಕೆ ಹೊರಳುತ್ತೆ. ಇದಕ್ಕೆ ಬೆಲ್ಸ್ ಫಿನಾಮಿನನ್ ಅಂತ ಹೆಸರು, ಚಾರ್ಲ್ಸ್ ಬೆಲ್ ಅನ್ನೋ ವೈದ್ಯರಿಂದ ಬಂದದ್ದು. ರೂಮ್‌ಮೇಟ್‌ಗೆ ಕಣ್ಣು ಬಿಗಿಯಾಗಿ ಮುಚ್ಚೋಕೆ ಹೇಳಿ, ಮೇಲಿನ ರೆಪ್ಪೆ ಮೇಲೆ ನೋಡ್ತಾ ಇರಿ, ಉಬ್ಬು ಮೇಲಕ್ಕೆ ಸರಿಯೋದು ಕಾಣಬಹುದು. ಹೊರಳಿದಾಗ ಐರಿಸ್ ಎಲ್ಲಿಗೆ ಬಂತು? ಸರಿಯಾಗಿ ಹುಬ್ಬಿನ ಕೆಳಗೆ. ಲೇಸರ್‌ನ ಮೂತಿ ಇಡೋ ಜಾಗವೂ ಅದೇ. ಅಂದರೆ "ಗಟ್ಟಿಯಾಗಿ ಮುಚ್ಕೊಳಿ" ಅಂತ ಹೇಳಿದಷ್ಟೂ ಮೆಲನಿನ್ ತುಂಬಿದ ಐರಿಸ್ ತಾನಾಗಿ ಗುರಿಯ ನೇರಕ್ಕೆ ಬರುತ್ತೆ. ಇದು ಬರೀ ನಮ್ಮ ತರ್ಕ ಅಲ್ಲ. ಹುಬ್ಬು, ರೆಪ್ಪೆಯ ಕೂದಲು ತೆಗೆಸಲು ಹೋದವರಿಗೆ ಐರಿಸ್ ಉರಿಯೂತವಾಗಿ, ದುಂಡಗಿದ್ದ ಪಾಪೆ ಸೊಟ್ಟಗಾಗಿ, ಬೆಳಕು ನೋಡಲಾಗದೆ ನರಳಿದ ಪ್ರಕರಣಗಳು ಬೇರೆ ಬೇರೆ ದೇಶಗಳ ನೇತ್ರವೈದ್ಯರಿಂದ ವರದಿಯಾಗಿವೆ. 2004ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಆಫ್ತಾಲ್ಮಾಲಜಿ'ಯಲ್ಲಿ ಬಂದ ಒಂದು ವರದಿಯಲ್ಲಿ ಡಯೋಡ್ ಲೇಸರ್‌ನಿಂದ ರೆಪ್ಪೆಯ ಕೂದಲು ತೆಗೆಸಿಕೊಂಡ ಮೇಲೆ ಐರಿಸ್ ಸವೆದಿದ್ದಲ್ಲದೆ ಕಣ್ಣಿನ ಪೊರೆಯೂ ಬಂದಿತ್ತು.

ಅಜ್ಜಿಯ ಮಾತಿಗೆ ಬರೋಣ, ಅದು ಸುಲಭವಾಗಿ ತಳ್ಳಿಹಾಕೋ ಮಾತಲ್ಲ. ಸಕ್ಕರೆ ಕಾಯಿಲೆಯಿಂದ ರೆಟಿನಾದ ರಕ್ತನಾಳ ಕೆಟ್ಟವರಿಗೆ ಲೇಸರ್‌ನಿಂದ ಚಿಕಿತ್ಸೆ ಮಾಡೋದು ನಿಜ, ಅದು ಎಷ್ಟೋ ಜನರ ದೃಷ್ಟಿ ಉಳಿಸಿದೆ. ಆದರೆ ಅಲ್ಲಿ ನಡೆಯೋದೂ ಸುಡೋದೇ, ಲೆಕ್ಕ ಹಾಕಿ ಸುಡೋದು. ಸಾಮಾನ್ಯವಾಗಿ ಒಂದು ಹೊಡೆತ ಅಂದರೆ ಸುಮಾರು 200 ಮಿಲಿವ್ಯಾಟ್, 0.1 ಸೆಕೆಂಡ್. ಗುಣಿಸಿ, 20 ಮಿಲಿಜೂಲ್. ಡಾಕ್ಟರು ಕಣ್ಣಿನ ಮೇಲೆ ಲೆನ್ಸ್ ಇಟ್ಟು, ಒಳಗೆ ನೋಡುತ್ತಾ, ನಡುವಿನ ಮುಖ್ಯ ಜಾಗ ಬಿಟ್ಟು ಅಂಚಿನಲ್ಲಿ ಒಂದೊಂದೇ ಚುಕ್ಕೆ ಹಾಕುತ್ತಾರೆ. ಈಗ ಪಾರ್ಲರ್‌ನ ಮಷಿನ್: ಚದರ ಸೆಂಟಿಮೀಟರಿಗೆ 20 ಜೂಲ್, ಮೂತಿಯ ಅಗಲ 10 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ವಿಸ್ತೀರ್ಣ 0.785 ಚದರ ಸೆಂಟಿಮೀಟರ್, ಒಂದು ಹೊಡೆತಕ್ಕೆ 15.7 ಜೂಲ್. ಅಜ್ಜಿಯ ಕಣ್ಣಿಗೆ ಡಾಕ್ಟರು ಕೊಟ್ಟದ್ದರ ಸುಮಾರು 780 ಪಟ್ಟು! ಅಷ್ಟೂ ಪಾಪೆಯೊಳಗೆ ಹೋಗಲ್ಲ, ಒಪ್ಪಿದೆ. ನೂರರಲ್ಲಿ ಒಂದು ಪಾಲು ಹೋದರೂ ಎಷ್ಟಾಯಿತು ನೀವೇ ನೋಡಿ. ಇದನ್ನು ಕೇಳಿ ಅಜ್ಜಿ, "ಅಂಗಾರೆ ನಂಗೆ ಹೊಡ್ದಿದ್ದು ಬೀಡಿ ಕಿಡಿ, ಇದು ಸೌದೆ ಒಲೆ ಅನ್ನು" ಅಂದರು. ನಮ್ಮ ಲೆಕ್ಚರರ್ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ವೆಲ್ಡಿಂಗ್ ಅಣ್ಣನ ವಿಷಯ ಬೇರೆ. ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಆರ್ಕ್ ನೋಡಿಬಿಟ್ಟು ರಾತ್ರಿ ಕಣ್ಣಿಗೆ ಮರಳು ಬಿದ್ದಂಗೆ ಆಗಿ ಹಾಸ್ಟೆಲ್‌ನಲ್ಲಿ ಒದ್ದಾಡಿದವರು ನಮ್ಮ ಬ್ಯಾಚಲ್ಲೂ ಇದ್ದಾರೆ. ಅದು ಅಲ್ಟ್ರಾವಯೊಲೆಟ್ ಕೆಲಸ. ಅದು ಕಣ್ಣಿನ ಮುಂದಿನ ಪದರದಲ್ಲೇ ನಿಲ್ಲುತ್ತೆ, ವಿಪರೀತ ನೋಯುತ್ತೆ, ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಗುಣವಾಗುತ್ತೆ. ರೆಟಿನಾದಲ್ಲಿ ನೋವಿನ ನರ ಇಲ್ಲ. ಅದು ಸುಟ್ಟರೆ ನೋಯಲ್ಲ, ಸುಟ್ಟ ಜಾಗ ಮತ್ತೆ ಬೆಳೆಯೋದೂ ಇಲ್ಲ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಇರುತ್ತೆ. ಕೊಬ್ಬರಿ ಸುಲಿಯುವವರಿಗೆ ಇದು ಅರ್ಥವಾಗುತ್ತೆ: ಚಿಪ್ಪು ಗಟ್ಟಿಯಾಗೇ ಇರುತ್ತೆ, ಒಡೆದಾಗಲೇ ಒಳಗೆ ಕೆಟ್ಟಿರೋದು ಗೊತ್ತಾಗೋದು. ವೆಲ್ಡಿಂಗ್ ಗ್ಲಾಸಿನ ಮೇಲೆ ಶೇಡ್ ನಂಬರ್ ಇರುತ್ತೆ, 810ಕ್ಕೆ ಎಷ್ಟು ತಡೆಯುತ್ತೆ ಅಂತ ಬರೆದಿರಲ್ಲ. ಕೂಲಿಂಗ್ ಗ್ಲಾಸಂತೂ ಇನ್ನೂ ಮೋಸ. ಕಾಣೋ ಬೆಳಕನ್ನು ತಡೆದು ಪಾಪೆ ಅರಳೋಕೆ ಬಿಡುತ್ತೆ, ಇನ್ಫ್ರಾರೆಡ್ ಬಹುಪಾಲು ಹಾಗೇ ಒಳಗೆ ಹೋಗುತ್ತೆ.

ಹಾಗಾದರೆ ಏನು ಬೇಕು? ಎರಡು ನಂಬರ್. ಒಂದು ಮಷಿನ್‌ನ ವೇವ್‌ಲೆಂತ್. ಇನ್ನೊಂದು ಗಾಗಲ್ಸ್‌ನ ಓಡಿ. ಓಡಿ ಅಂದ್ರೆ ಓಡಿಹೋಗಿ ಅಂತಲ್ಲ, ಆಪ್ಟಿಕಲ್ ಡೆನ್ಸಿಟಿ. ಲಾಗ್ ಸ್ಕೇಲ್: ಓಡಿ 1 ಅಂದರೆ ಹತ್ತರಲ್ಲಿ ಒಂದು ಪಾಲು ಒಳಗೆ ಬರುತ್ತೆ, ಓಡಿ 5 ಅಂದರೆ ಲಕ್ಷದಲ್ಲಿ ಒಂದು. ಎಷ್ಟು ಬೇಕು ಅಂತ ನಾವು ಲೆಕ್ಕ ಹಾಕಿದ್ದು ಹೀಗೆ. ಕಣ್ಣಿಗೆ ತಾಗಬಹುದಾದ ಗರಿಷ್ಠ ಪ್ರಮಾಣವನ್ನು ಎಂಪಿಇ ಅಂತಾರೆ. 810 ನ್ಯಾನೋಮೀಟರ್, 0.03 ಸೆಕೆಂಡಿನ ಪಲ್ಸ್‌ಗೆ 1.8 × 1.66 × (0.03ರ 0.75 ಘಾತ), ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 0.2 ಮಿಲಿಜೂಲ್. ಮಷಿನ್ ಕೊಡೋದು 20 ಜೂಲ್, ಅಂದರೆ 20,000 ಮಿಲಿಜೂಲ್. ಭಾಗಿಸಿದರೆ ಒಂದು ಲಕ್ಷ. ಲಾಗ್ ತೆಗೆದರೆ 5. ಕಿರಣ ನೇರವಾಗಿ ಕಣ್ಣಿಗೇ ಬಂದರೆ ಅನ್ನೋ ಕೆಟ್ಟ ಸಂದರ್ಭದ ಲೆಕ್ಕ ಇದು. ಡಯೋಡ್‌ನ ಬೆಳಕು ಮೂತಿಯಿಂದ ಹೊರಗೆ ಬೇಗ ಹರಡುತ್ತೆ, ನಿಜ. ಆದರೆ ರಕ್ಷಣೆಯ ಲೆಕ್ಕ ಹಾಕೋದು ಕೆಟ್ಟ ಸಂದರ್ಭಕ್ಕೇ. ಇಂಥ ಗಾಗಲ್ಸ್ ಮೇಲೆ 'ಓಡಿ 5+' ಅಂತ ಬರೆದಿರೋದು ನೋಡಿದಾಗ ಆ 5 ಎಲ್ಲಿಂದ ಬರುತ್ತೆ ಅಂತ ಈಗ ನಮಗೆ ಗೊತ್ತು.

ಈ ಎರಡು ನಂಬರ್ ಜೋಡಿಯಾಗಿರಬೇಕು, ಒಂದೇ ಇದ್ದರೆ ಸಾಲದು. ಹಸಿರು ಲೇಸರ್ ತಡೆಯೋ ಕಿತ್ತಳೆ ಬಣ್ಣದ ಗಾಗಲ್ಸ್ 532ಕ್ಕೆ ಓಡಿ 6 ಇರಬಹುದು, 810ಕ್ಕೆ ಬರೀ ಕಿಟಕಿ ಗಾಜಿನಂತಿರಬಹುದು. ಈಗಿನ ಎಷ್ಟೋ ಮಷಿನ್‌ಗಳು 755, 808, 1064 ಮೂರನ್ನೂ ಒಟ್ಟಿಗೆ ಬಿಡುತ್ತವೆ, ಹಾಗಿದ್ದರೆ ಮೂರಕ್ಕೂ ಓಡಿ ಬರೆದಿರಬೇಕು. ಐಪಿಎಲ್ ಅನ್ನೋದು ಲೇಸರೇ ಅಲ್ಲ, ಅಗಲವಾದ ಸ್ಪೆಕ್ಟ್ರಮ್‌ನ ಫ್ಲ್ಯಾಶ್, ಅದರ ಗಾಗಲ್ಸ್ ಬೇರೆ. ಗಾಗಲ್ಸ್ ಮೇಲೆ ಓಡಿ ಇಲ್ಲ ಅಂದ್ರೆ ಮಾತ್ರ ನೀವು ಓಡಿ.

ಮಲಗಿರುವವರಿಗೆ ಕಾಣಬೇಕಾದ್ದು ಏನೂ ಇಲ್ಲ. ಅವರಿಗೆ ಕಣ್ಣಿನ ಗುಳಿಗೆ ಅಂಟಿ ಕೂರೋ, ಅಂಚಿನಲ್ಲಿ ಸಂದು ಬಿಡದ, ಪೂರ್ತಿ ಬೆಳಕು ತಡೆಯೋ ಲೋಹದ ಕಪ್‌ಗಳೇ ಒಳ್ಳೆಯದು. ಓಡಿ ಬರೆದ ಗಾಗಲ್ಸ್ ಕೆಲಸ ಮಾಡುವವರಿಗೆ, ಜೊತೆಗೆ ಹೋಗಿ ರೂಮಿನಲ್ಲಿ ಕೂರೋ ಅಮ್ಮನಿಗೆ, ಫ್ರೆಂಡ್‌ಗೆ. ಕೈಕಾಲಿಗೆ ಮಾತ್ರ ಮಾಡಿಸಿದರೂ ಇವೆಲ್ಲ ಬೇಕು, ಯಾಕೆಂದರೆ ಕನ್ನಡಿ, ಸ್ಟೀಲ್ ಟ್ರೇ, ಬಳೆ, ವಾಚು ಎಲ್ಲದರಿಂದ ಬೆಳಕು ತಿರುಗಿ ಬರಬಹುದು. ಹುಬ್ಬಿನ ಕೆಳಗೆ, ಕಣ್ಣಿನ ಸುತ್ತ ಮೂಳೆಯ ಬಳೆ ಇದೆಯಲ್ಲ, ಅದರೊಳಗೆ ಲೇಸರ್ ಬರಲೇಬಾರದು. ಅಲ್ಲಿ ಕೆಲಸ ಮಾಡಲೇಬೇಕಾದರೆ ಮರಗಟ್ಟಿಸೋ ಡ್ರಾಪ್ಸ್ ಹಾಕಿ ರೆಪ್ಪೆಯ ಒಳಗೇ ಲೋಹದ ಕವಚ ಇಡಬೇಕು. ಅದು ಡಾಕ್ಟರ ಕೆಲಸ, ಹುಬ್ಬಿನ ನಾಲ್ಕು ಕೂದಲಿಗೆ ಅಷ್ಟೆಲ್ಲ ಯಾಕೆ ಅನ್ನೋದು ನಮ್ಮ ಪ್ರಶ್ನೆ. ದಾರ ಇದೆಯಲ್ಲ.

ಎರಡನೇ ಸಿಟಿಂಗ್‌ಗೆ ಅಕ್ಕನ ಜೊತೆ ನಾವೂ ಹೋದೆವು. ಮಷಿನ್ ಹಿಂದಿನ ಸ್ಟಿಕರ್‌ನಲ್ಲಿ 755, 808, 1064, ಕ್ಲಾಸ್ 4. ಕ್ಲಾಸ್ 4 ಅಂದರೆ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಅತಿ ಅಪಾಯದ ವರ್ಗ, ಅದಕ್ಕಿಂತ ಮೇಲಿನದು ಇಲ್ಲ. ಗೋಡೆಯ ಮೊಳೆಗೆ ಒಂದು ಕಿತ್ತಳೆ ಪ್ಲಾಸ್ಟಿಕ್ ಗಾಗಲ್ಸ್ ನೇತಾಡುತ್ತಿತ್ತು, ಮೇಲೆ ಏನೂ ಬರೆದಿರಲಿಲ್ಲ. ಮಷಿನ್ ನಡೆಸೋ ಹುಡುಗಿ ನಮ್ಮ ವಯಸ್ಸಿನವರೇ. ತುಂಬ ಮರ್ಯಾದೆಯಿಂದ ಮಾತಾಡಿದರು, ಟ್ರೈನಿಂಗ್‌ನಲ್ಲಿ ಇದನ್ನೆಲ್ಲ ಹೇಳಿಕೊಟ್ಟಿಲ್ಲ ಅಂದರು. ಅಕ್ಕ ಅಲ್ಲಿ ಮಲಗೋದು ಇಪ್ಪತ್ತು ನಿಮಿಷ. ಆ ಹುಡುಗಿ ದಿನವಿಡೀ ಅದರ ಮುಂದೆ ಬರಿಗಣ್ಣಲ್ಲಿ ನಿಂತಿರುತ್ತಾರೆ. ನಮ್ಮನ್ನು ಹೆಚ್ಚು ಕಾಡಿದ್ದು ಅದು. ನಾವು ಬರೆದುಕೊಂಡು ಹೋಗಿದ್ದ ಓಡಿ ಲೆಕ್ಕದ ಚೀಟಿಯನ್ನು ಅವರೇ ಕೇಳಿ ಇಟ್ಟುಕೊಂಡರು.

ಅಕ್ಕ ಅಲ್ಲಿಂದ ಎದ್ದು ಬಂದಳು. ಅಡ್ವಾನ್ಸ್ ವಾಪಸ್ ಬರಲಿಲ್ಲ, ದೊಡ್ಡಮ್ಮ ಎರಡು ದಿನ ಅದನ್ನೇ ಹೇಳಿದರು. ಆಮೇಲೆ ತುಮಕೂರಿನಲ್ಲಿ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದಳು, ಅಲ್ಲಿ ಲೋಹದ ಕಪ್ ಹಾಕಿದರು, ಹುಬ್ಬಿನ ಕೆಳಗೆ ಮಾಡಲ್ಲ ಅಂತ ಅವರೇ ಹೇಳಿದರು. ದುಡ್ಡು ಜಾಸ್ತಿ ಆಯ್ತು ಅನ್ನೋದನ್ನು ಮುಚ್ಚಿಡೋದು ಬೇಡ. ಭಾರತದ ಚರ್ಮವೈದ್ಯರ ಸಂಘ ಐಎಡಿವಿಎಲ್ 2008ರಲ್ಲೇ ಲೇಸರ್ ಮತ್ತು ಐಪಿಎಲ್‌ನಿಂದ ಕೂದಲು ತೆಗೆಯೋದಕ್ಕೆ ಮಾರ್ಗಸೂಚಿ ಪ್ರಕಟಿಸಿದೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಒಳಗೆ ಹೋದಾಗ ಆ ನೋಂದಣಿ ಕೇಳೋದಕ್ಕೆ ಸಂಕೋಚ ಬೇಡ. ಗಡ್ಡದ ಲೈನ್ ಮಾಡಿಸಿಕೊಳ್ಳೋಕೆ ಹೊರಟಿರೋ ಹುಡುಗರಿಗೂ ಸೇರಿಸಿಯೇ ಹೇಳ್ತಿದೀವಿ.

ಮಾಡಿಸಿಕೊಂಡ ಮೇಲೆ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡೋಕೆ ಆಗದಿದ್ದರೆ, ಪಾಪೆ ದುಂಡಗೆ ಇಲ್ಲ ಅನ್ನಿಸಿದರೆ, ಅಥವಾ ನೋವೇ ಇಲ್ಲದೆ ನೋಟದ ನಡುವೆ ಒಂದು ಮಸುಕು ಚುಕ್ಕೆ ನಿಂತರೆ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷೆ ಮಾಡಿಕೊಳ್ಳಿ, ಎರಡೂ ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತೆ. ಮೆಡಿಕಲ್ ಶಾಪ್‌ನ ಡ್ರಾಪ್ಸ್ ಹಾಕಿಕೊಂಡು ನಾಳೆ ನೋಡೋಣ ಅನ್ನಬೇಡಿ. ಡಾಕ್ಟರಿಗೆ ಯಾವ ಲೇಸರ್, ಎಷ್ಟು ಜೂಲ್, ಮುಖದ ಯಾವ ಭಾಗ ಅಂತ ಹೇಳಬೇಕಾಗುತ್ತೆ. ಅದಕ್ಕೆ ಮಷಿನ್ ಆನ್ ಮಾಡೋ ಮೊದಲೇ ಅದರ ಹಿಂದಿನ ಸ್ಟಿಕರ್‌ನ ಒಂದು ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಂಡಿರಿ.